ಬಲ ಮೈದಾನದ ಕಾವಲುಗಾರ

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ)

ಕ್ರೀಡೆಯ ಬಗ್ಗೆ ಮಾತು ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಕ್ರಿಕೆಟ್ಟೇ. ಇವತ್ತು ಸ್ವಲ್ಪ ಬೇರೆ ದಾರಿ ಹಿಡಿಯೋಣ. ನಾನು ನಿಮ್ಮೊಂದಿಗೆ ನೆನೆಯಬೇಕೆಂದಿರುವ ಆಟಗಾರ ಬೇಸ್‌ಬಾಲ್ ಆಡಿದವನು. ಹೆಸರು ರೊಬೆರ್ಟೊ ಕ್ಲೆಮೆಂಟೆ. ಬೇಸ್‌ಬಾಲ್ ಎಂದ ಕೂಡಲೇ ರೇಡಿಯೊದ ಕಿವಿ ಹಿಂಡಿ ಹಾಡು ಹುಡುಕಲು ಹೊರಡಬೇಡಿ. ಆ ಆಟದ ನಿಯಮಗಳನ್ನೆಲ್ಲ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಮೈದಾನದ ಒಂದು ಮೂಲೆ ಮತ್ತು ಒಬ್ಬನ ಬಲಗೈ, ಇಷ್ಟು ಕಣ್ಣಿಗೆ ಕಟ್ಟಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಬೌಂಡರಿ ಗೆರೆಯ ಹತ್ತಿರ ಗುರಿಯಿಟ್ಟು ಎಸೆಯಬಲ್ಲವನು ನಿಂತಿದ್ದರೆ, ಆ ಕಡೆ ಚೆಂಡು ಹೋದಾಗ ಯಾರೂ ಎರಡನೇ ರನ್ನಿಗೆ ಓಡುವುದಿಲ್ಲ. ಒಂದು ತೆಗೆದುಕೊಂಡು ಸುಮ್ಮನೆ ನಿಲ್ಲುತ್ತಾರೆ. ಸ್ಕೋರು ಬರೆಯುವವನು ‘ಒಂದು’ ಎಂದು ಬರೆದುಕೊಳ್ಳುತ್ತಾನೆ. ಬರಬಹುದಾಗಿದ್ದ ಆ ಇನ್ನೊಂದು ರನ್ನು ಯಾರ ಭಯದಿಂದ ಬರಲಿಲ್ಲ ಎನ್ನುವುದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ. ಕ್ಯಾಚ್ ಹಿಡಿದವನ ಹೆಸರಾದರೂ ದಾಖಲಾಗುತ್ತದೆ. ನಮ್ಮ ಏಕನಾಥ ಸೋಳ್ಕರ್ 27 ಟೆಸ್ಟುಗಳಲ್ಲಿ 53 ಕ್ಯಾಚ್ ಹಿಡಿದರು ಎಂದು ಇಂದಿಗೂ ಲೆಕ್ಕ ಹೇಳಬಹುದು. ಆದರೆ ಓಡದೇ ಹೋದ ರನ್ನುಗಳ ಲೆಕ್ಕವನ್ನು ಯಾರು ಇಡುತ್ತಾರೆ? ಕ್ಲೆಮೆಂಟೆಯ ದೊಡ್ಡಸ್ತಿಕೆಯ ಅರ್ಧ ಪಾಲು ಇರುವುದು ಈ ಬರೆಯದ ಲೆಕ್ಕದಲ್ಲಿ.

ಬೇಸ್‌ಬಾಲ್ ಮೈದಾನವನ್ನು ಬಿಚ್ಚಿದ ಬೀಸಣಿಗೆಯಂತೆ ಕಲ್ಪಿಸಿಕೊಳ್ಳಿ. ಹಿಡಿಕೆಯ ಬಳಿ ಬ್ಯಾಟು ಹಿಡಿದವನು ನಿಲ್ಲುತ್ತಾನೆ. ಅವನ ಮುಂದೆ 90 ಅಡಿ ಬದಿಯ ಒಂದು ಚೌಕ. ಚೆಂಡು ಹೊಡೆದವನು ಮೊದಲು ಬಲಗಡೆಯ ಮೂಲೆಗೆ, ಅಲ್ಲಿಂದ ಎದುರಿನ ಎರಡನೇ ಮೂಲೆಗೆ, ಆಮೇಲೆ ಎಡಗಡೆಯ ಮೂರನೆಯದಕ್ಕೆ ಓಡಿ ಕೊನೆಗೆ ಹೊರಟಲ್ಲಿಗೇ ಬಂದು ಮುಟ್ಟಿದರೆ ಒಂದು ರನ್. ಒಂದೇ ಉಸಿರಿಗೆ ಓಡಬೇಕಿಲ್ಲ. ಒಂದು ಮೂಲೆಯಲ್ಲಿ ನಿಂತು, ಮುಂದಿನವನು ಚೆಂಡು ಹೊಡೆದಾಗ ಮತ್ತೆ ಓಡಬಹುದು. ಚೌಕದ ಆಚೆ, ಬೀಸಣಿಗೆಯ ಅಂಚಿನಲ್ಲಿ, ಎಡಕ್ಕೊಬ್ಬ, ನಡುವೆ ಒಬ್ಬ, ಬಲಕ್ಕೊಬ್ಬ ಹೀಗೆ ಮೂವರು ಕಾವಲಿಗೆ ನಿಲ್ಲುತ್ತಾರೆ.

ಈ ಮೂವರಲ್ಲಿ ಬಲಗಡೆಯವನಿಗೆ ಒಂದು ವಿಶೇಷ ಕಷ್ಟವಿದೆ. ಮೂರನೇ ಮೂಲೆ ಅವನಿಗೆ ಅತಿ ದೂರ. ಮೊದಲ ಮೂಲೆಯಲ್ಲಿ ಎದುರಾಳಿಯೊಬ್ಬ ನಿಂತಿದ್ದಾನೆ, ಚೆಂಡು ಬಲ ಮೈದಾನಕ್ಕೆ ಬಂತು ಎನ್ನಿ. ಓಡುವವನು ಎರಡನೆಯದನ್ನು ದಾಟಿ ಮೂರನೆಯದಕ್ಕೇ ಕಣ್ಣು ಹಾಕುತ್ತಾನೆ. ಅಲ್ಲಿ ಮುಟ್ಟಿದರೆ ಅರ್ಧ ರನ್ ಜೇಬಿಗೆ ಬಿದ್ದಂತೆ. ಅವನನ್ನು ತಡೆಯಬೇಕಾದರೆ ಬಲಗಡೆಯವನು ಓಡಿ ಬಂದು, ಬಗ್ಗಿ, ಎದ್ದು, ಇಡೀ ಮೈದಾನ ದಾಟುವ ಹಾಗೆ ಎಸೆಯಬೇಕು. ಅದಕ್ಕೇ ತಂಡದಲ್ಲಿ ಅತ್ಯಂತ ಗಟ್ಟಿ ತೋಳು ಯಾರದೋ ಅವನನ್ನು ಅಲ್ಲಿ ನಿಲ್ಲಿಸುವುದು ವಾಡಿಕೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ 1955ರಿಂದ 1972ರವರೆಗೆ, 18 ಋತು, ಆ ಜಾಗದಲ್ಲಿ ನಿಂತವನು ಕ್ಲೆಮೆಂಟೆ.

ಆತ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಕರೊಲಿನಾ ಎಂಬ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ತಂದೆ ಮೆಲ್ಚೋರ್ ಕಬ್ಬಿನ ಗದ್ದೆಗಳಲ್ಲಿ ಕೂಲಿಯವರ ಮೇಸ್ತ್ರಿ. ಹುಡುಗ ಶಾಲೆಯಲ್ಲಿ ಭರ್ಚಿ ಎಸೆಯುವುದರಲ್ಲಿ ಹೆಸರು ಮಾಡಿದ. ಆ ಭರ್ಚಿಯ ಎಸೆತವೇ ಮುಂದೆ ಚೆಂಡಿನ ಎಸೆತಕ್ಕೆ ಅಡಿಪಾಯವಾಯಿತು ಎನ್ನುತ್ತಾರೆ. ನಂಬಬಹುದಾದ ಮಾತು. ಆತ ಎಸೆಯುವಾಗ ಬರೀ ಕೈಯಲ್ಲ, ಸೊಂಟದಿಂದ ಭುಜದವರೆಗಿನ ಇಡೀ ಮೈ ಒಂದು ಸುತ್ತು ತಿರುಗುತ್ತಿದ್ದುದನ್ನು ಹಳೆಯ ಫಿಲ್ಮುಗಳಲ್ಲಿ ನೋಡಬಹುದು.

ದೊಡ್ಡ ಲೀಗಿಗೆ ಆತ ಬಂದ ಕಥೆಯೂ ಈ ತೋಳಿನದೇ. 1954ರಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡ 10,000 ಡಾಲರ್ ಬೋನಸ್ ಕೊಟ್ಟು ಆತನನ್ನು ಕೊಂಡಿತು. ಆದರೆ ತನ್ನ ಮುಖ್ಯ ತಂಡದಲ್ಲಿ ಇಟ್ಟುಕೊಳ್ಳದೆ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಕಿರಿಯ ತಂಡಕ್ಕೆ ಕಳಿಸಿತು. ಅಷ್ಟು ದೊಡ್ಡ ಬೋನಸ್ ಪಡೆದವನನ್ನು ಹಾಗೆ ಕೆಳಗಿಟ್ಟರೆ ವರ್ಷದ ಕೊನೆಗೆ ಬೇರೆ ತಂಡದವರು ಎತ್ತಿಕೊಳ್ಳಬಹುದು ಎಂಬ ನಿಯಮವಿತ್ತು. ಅಲ್ಲಿ ಆತ ಎಷ್ಟೋ ದಿನ ಬೆಂಚಿನ ಮೇಲೇ ಕೂತ. ಪಿಟ್ಸ್‌ಬರ್ಗಿನ ಕ್ಲೈಡ್ ಸುಕ್‌ಫರ್ತ್ ಎಂಬ ಅನುಭವಿ ಆ ತಂಡದ ಇನ್ನೊಬ್ಬ ಆಟಗಾರನನ್ನು ನೋಡಲು ಬಂದವರು, ಆಟ ಶುರುವಾಗುವ ಮೊದಲಿನ ಅಭ್ಯಾಸದಲ್ಲಿ ಈ ಹುಡುಗ ಅಂಚಿನಿಂದ ಚೆಂಡು ಎಸೆಯುವುದನ್ನು ಕಂಡರು. ನೋಡಲು ಬಂದವನನ್ನು ಬಿಟ್ಟು ಇವನ ಹಿಂದೆ ಬಿದ್ದರು. ಆಗ ಲೀಗಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಪಿಟ್ಸ್‌ಬರ್ಗಿಗೆ ಮೊದಲ ಆಯ್ಕೆಯ ಹಕ್ಕಿತ್ತು. 1954ರ ನವೆಂಬರಿನಲ್ಲಿ ಕೇವಲ 4,000 ಡಾಲರಿಗೆ ಕ್ಲೆಮೆಂಟೆ ಅವರ ಪಾಲಾದ.

ಇಲ್ಲಿ ನಿಮಗೆ, ಅಂದರೆ ಊರು ಬಿಟ್ಟು ಇನ್ನೊಂದು ಭಾಷೆಯ ನಗರದಲ್ಲಿ ಬದುಕು ಕಟ್ಟಿಕೊಂಡವರಿಗೆ, ಹತ್ತಿರವಾಗುವ ಒಂದು ವಿಷಯ ಬರುತ್ತದೆ. ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ ದ್ವೀಪ. ಅಲ್ಲಿನವರು 1917ರಿಂದ ಅಮೆರಿಕದ ಪ್ರಜೆಗಳೇ. ಹಾಗಾಗಿ ಕ್ಲೆಮೆಂಟೆ ಪಿಟ್ಸ್‌ಬರ್ಗಿಗೆ ಪರದೇಶಿಯಾಗಿ ಬರಲಿಲ್ಲ. ಆದರೆ ಆತನ ಮನೆಮಾತು ಸ್ಪ್ಯಾನಿಷ್, ಮೈಬಣ್ಣ ಕಪ್ಪು. ಉಕ್ಕಿನ ಕಾರ್ಖಾನೆಗಳ ಆ ನಗರದಲ್ಲಿ ಬಿಳಿಯರಿಗೆ ಆತ ಕರಿಯ, ಕರಿಯರಿಗೆ ಬೇರೆ ಭಾಷೆಯವನು. ರೊಬೆರ್ಟೊ ಎಂದು ಹೇಳಲು ನಾಲಿಗೆ ತಿರುಗದೆಯೋ ಏನೋ, ಪತ್ರಿಕೆಯವರು ‘ಬಾಬ್’ ಎಂದು ಕರೆದರು. ಆಟಗಾರರ ಚಿತ್ರವಿರುವ ಕಾರ್ಡುಗಳಲ್ಲೂ ವರ್ಷಗಟ್ಟಲೆ ‘ಬಾಬ್ ಕ್ಲೆಮೆಂಟೆ’ ಎಂದೇ ಅಚ್ಚಾಯಿತು. ಆತ ತನ್ನ ಹೆಸರು ರೊಬೆರ್ಟೊ ಎಂದು ಹೇಳುತ್ತಲೇ ಇದ್ದ. ನಮ್ಮಲ್ಲೂ ಕಛೇರಿಯವರ ಅನುಕೂಲಕ್ಕೆ ಹೆಸರಿನ ಬಾಲ ಕತ್ತರಿಸಿಕೊಂಡವರು ಎಷ್ಟು ಜನವಿಲ್ಲ!

ಹೆಸರಿನದಾದರೂ ಸಣ್ಣದು. ಪಂದ್ಯ ಮುಗಿದ ಮೇಲೆ ಆತ ಆಡಿದ ಇಂಗ್ಲಿಷನ್ನು ಕೆಲವು ವರದಿಗಾರರು ಉಚ್ಚಾರದ ತಪ್ಪುಗಳ ಸಮೇತ, ನಗೆ ಬರುವ ಹಾಗೆ ಅಕ್ಷರ ತಿರುಚಿ ಅಚ್ಚು ಹಾಕುತ್ತಿದ್ದರು. 1961ರ ಆಲ್ ಸ್ಟಾರ್ ಪಂದ್ಯದಲ್ಲಿ ಗೆಲುವಿನ ಹೊಡೆತ ಹೊಡೆದವನು ಆತನೇ. ಮಾರನೆಯ ದಿನ ಪತ್ರಿಕೆಯಲ್ಲಿ ಗೆಲುವಿಗಿಂತ ಆತನ ಉಚ್ಚಾರವೇ ದೊಡ್ಡದಾಗಿ ಕಂಡಿತು. ಆ ವರದಿಗಾರರಲ್ಲಿ ಎಷ್ಟು ಮಂದಿಗೆ ಸ್ಪ್ಯಾನಿಷ್‌ನಲ್ಲಿ ಒಂದು ವಾಕ್ಯ ಆಡಲು ಬರುತ್ತಿತ್ತೋ! ಬೆನ್ನುನೋವು ಎಂದರೆ ‘ಸೋಮಾರಿ, ಇಲ್ಲದ ಕಾಯಿಲೆ ಹೇಳುತ್ತಾನೆ’ ಎಂದರು. 1954ರ ಚಳಿಗಾಲದಲ್ಲಿ ಊರಿನಲ್ಲಿ ಆತನ ಕಾರಿಗೆ ಇನ್ನೊಂದು ಕಾರು ಬಡಿದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆ ನೋವು ಕೊನೆಯವರೆಗೂ ಬಿಡಲಿಲ್ಲ. ಬ್ಯಾಟ್ ಹಿಡಿದು ನಿಲ್ಲುವ ಮೊದಲು ಕತ್ತನ್ನು ಆಚೆ ಈಚೆ ತಿರುಗಿಸಿ ಸಡಿಲ ಮಾಡಿಕೊಳ್ಳುವುದು ಆತನ ಅಭ್ಯಾಸವೇ ಆಗಿತ್ತು. ಇನ್ನು ಪ್ರತಿ ವರ್ಷ ತರಬೇತಿಗೆ ಫ್ಲಾರಿಡಾಕ್ಕೆ ಹೋದಾಗ, ದಾರಿಯ ಹೋಟೆಲುಗಳಲ್ಲಿ ಬಿಳಿಯ ಆಟಗಾರರು ಒಳಗೆ ಊಟ ಮಾಡುತ್ತಿದ್ದರೆ ಕಪ್ಪು ಆಟಗಾರರು ಬಸ್ಸಿನಲ್ಲೇ ಕೂತಿರಬೇಕಿತ್ತು. ಹೀಗೆ ಕೂತು ಕಾಯುವುದು ಬೇಡ, ನಮಗೆ ಬೇರೆ ವಾಹನ ಕೊಡಿ ಎಂದು ಆತ ಜಗಳವಾಡಿ ಕೇಳಿದ.

ಇಂಥ ಮನುಷ್ಯ ಮೈದಾನಕ್ಕಿಳಿದರೆ ಮಾತ್ರ ಯಾವ ಭಾಷಾಂತರವೂ ಬೇಕಿರಲಿಲ್ಲ.

ಪಿಟ್ಸ್‌ಬರ್ಗಿನ ಹಳೆಯ ಫೋರ್ಬ್ಸ್ ಫೀಲ್ಡ್ ಮೈದಾನವನ್ನು ರೇಡಿಯೊ ಪ್ರೇಮಿಗಳು ಒಮ್ಮೆ ನೆನೆಯಲೇಬೇಕು. ಬೇಸ್‌ಬಾಲ್ ಪಂದ್ಯವೊಂದರ ಮೊಟ್ಟಮೊದಲ ರೇಡಿಯೊ ಪ್ರಸಾರ ನಡೆದದ್ದು ಅಲ್ಲಿಂದಲೇ. 1921ರ ಆಗಸ್ಟ್ 5ರಂದು ಕೆಡಿಕೆಎ ನಿಲಯದ ಹೆರಾಲ್ಡ್ ಆರ್ಲಿನ್ ಎಂಬ ಯುವಕ ಪ್ರೇಕ್ಷಕರ ನಡುವೆ ಕೂತು, ಮಾತಾಡುವ ಯಂತ್ರ ಹಿಡಿದು, ಪೈರೇಟ್ಸ್ ಮತ್ತು ಫಿಲಡೆಲ್ಫಿಯಾ ತಂಡಗಳ ಆಟವನ್ನು ವರ್ಣಿಸಿದರು. ಇವತ್ತು ನಾವು ಕಾಮೆಂಟರಿ ಎನ್ನುವುದರ ಹಿರಿಯಜ್ಜ ಅದು.

ಆ ಮೈದಾನದ ಬಲಮೂಲೆ ಬಹಳ ಗಿಡ್ಡ. ಗೆರೆಯ ಮೇಲೆ ಅಳೆದರೆ ಬ್ಯಾಟುಗಾರನಿಂದ ಗೋಡೆಗೆ 300 ಅಡಿ ಮಾತ್ರ. ನಡುವಿನ ಗೋಡೆಯಾದರೋ 450 ಅಡಿಗೂ ಆಚೆ. ಬಲಗಡೆ ಕೆಳಗೆ ಕಾಂಕ್ರೀಟು, ಮೇಲೆ ತಂತಿಯ ಜಾಲರಿ. ಕಾಂಕ್ರೀಟಿಗೆ ಬಡಿದ ಚೆಂಡು ಚಿಮ್ಮಿ ಬರುತ್ತದೆ, ಜಾಲರಿಗೆ ಬಡಿದದ್ದು ಸತ್ತು ಕೆಳಗೆ ಬೀಳುತ್ತದೆ. ಚೆಂಡು ಎಲ್ಲಿ ಬಡಿಯಿತು ಎಂದು ನೋಡಿ, ಅದು ಎಲ್ಲಿಗೆ ಬರುತ್ತದೆ ಎಂದು ಕ್ಷಣದೊಳಗೆ ಲೆಕ್ಕ ಹಾಕಬೇಕು. ಕ್ಲೆಮೆಂಟೆ ಆ ಗೋಡೆಯನ್ನು ಪಾಠದಂತೆ ಕಲಿತ. ಚೆಂಡು ಬಡಿಸಿ, ಅದು ಪುಟಿಯುವ ಕೋನ ನೋಡಿ, ಮತ್ತೆ ಬಡಿಸಿ. ಸಂಗೀತಗಾರರು ಒಂದೇ ಸ್ವರವನ್ನು ಬೆಳಗಿನ ಜಾವ ಸಾಧನೆ ಮಾಡುವುದಿಲ್ಲವೇ, ಹಾಗೆ. ಎದುರಾಳಿ ಚೆಂಡು ಗೋಡೆಗೆ ಬಡಿದ ಖುಷಿಯಲ್ಲಿ ಓಡುತ್ತಿರುವಾಗ ಅದು ಆಗಲೇ ಆತನ ಕೈಯಲ್ಲಿ ಇರುತ್ತಿತ್ತು.

1960ರಲ್ಲಿ, ಅದೂ ಆಗಸ್ಟ್ 5ರಂದೇ, ಆ ಗೋಡೆ ಆತನಿಂದ ಬೆಲೆ ವಸೂಲಿ ಮಾಡಿತು. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮಹಾನ್ ಆಟಗಾರ ವಿಲ್ಲಿ ಮೇಸ್ ಬಲಗಡೆಗೆ ಬಾರಿಸಿದ ಚೆಂಡನ್ನು ಹಿಂದೆ ಹಿಂದೆ ಓಡಿ ಹಿಡಿದ ಕ್ಲೆಮೆಂಟೆ ನೇರ ಕಾಂಕ್ರೀಟಿಗೆ ಹೋಗಿ ಬಡಿದ. ಗಲ್ಲ ಸೀಳಿತು, ಹೊಲಿಗೆ ಹಾಕಬೇಕಾಯಿತು. ಚೆಂಡು ಕೈಯಿಂದ ಬೀಳಲಿಲ್ಲ. ಪಿಟ್ಸ್‌ಬರ್ಗ್ ಗೆದ್ದದ್ದು ಬರೀ ಒಂದು ರನ್ನಿನಿಂದ, 1-0. ಆ ವರ್ಷವೇ ಬಲಾಢ್ಯ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿ ಅವರು ವರ್ಲ್ಡ್ ಸೀರೀಸ್ ಗೆದ್ದರು. ಏಳು ಪಂದ್ಯಗಳ ಆ ಸರಣಿಯಲ್ಲಿ ಪ್ರತಿಯೊಂದರಲ್ಲೂ ಕ್ಲೆಮೆಂಟೆಯ ಬ್ಯಾಟಿನಿಂದ ಒಂದಾದರೂ ಯಶಸ್ವಿ ಹೊಡೆತ ಬಂತು. ಆದರೂ ವರ್ಷದ ಶ್ರೇಷ್ಠ ಆಟಗಾರನ ಮತದಾನದಲ್ಲಿ ಆತನಿಗೆ ಸಿಕ್ಕಿದ್ದು ಎಂಟನೇ ಸ್ಥಾನ. ಅದು ಬಹಳ ಕಾಲ ಆತನನ್ನು ಚುಚ್ಚಿತು. 1966ರಲ್ಲಿ ಆ ಪ್ರಶಸ್ತಿ ಬಂದ ಮೇಲೂ ಹಳೆಯ ಗಾಯ ಪೂರ್ತಿ ಮಾಯಲಿಲ್ಲ ಎಂದೇ ನನ್ನ ಅನಿಸಿಕೆ.

ಇಷ್ಟು ಹೇಳಿದ ಮೇಲೆ ಅಂಕಿ ಅಂಶವನ್ನೂ ಹೇಳಿಬಿಡುತ್ತೇನೆ, ಕ್ರೀಡಾ ಭಾಷಣಕ್ಕೆ ಅದಿಲ್ಲದೆ ಉಪ್ಪಿಲ್ಲದ ಊಟ. ಅಂಚಿನಲ್ಲಿ ನಿಂತವನ ಎಸೆತದಿಂದ ಎದುರಾಳಿ ಔಟಾದರೆ ಬೇಸ್‌ಬಾಲಿನಲ್ಲಿ ಎಸೆದವನ ಖಾತೆಗೆ ಒಂದು ‘ಅಸಿಸ್ಟ್’ ಜಮೆಯಾಗುತ್ತದೆ. ಈ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದೆ. ನಮ್ಮ ಕ್ರಿಕೆಟ್ಟಿನಲ್ಲಿ ರನ್ ಔಟ್ ಎಂದು ಬರೆದು ಎಸೆದವನ ಹೆಸರನ್ನು ಬಹುಕಾಲ ಮರೆತೇ ಬಿಟ್ಟಿದ್ದರು. ಕ್ಲೆಮೆಂಟೆ ಗಳಿಸಿದ ಅಸಿಸ್ಟುಗಳು 266. 1961ರ ಒಂದೇ ಋತುವಿನಲ್ಲಿ 27. ತನ್ನ ಲೀಗಿನ ಅಂಚಿನ ಆಟಗಾರರಲ್ಲೆಲ್ಲ ಅತಿ ಹೆಚ್ಚು ಅಸಿಸ್ಟ್ ಪಡೆದ ವರ್ಷಗಳು ಐದು. ಉತ್ತಮ ಫೀಲ್ಡರಿಗೆ ಕೊಡುವ ‘ಗೋಲ್ಡ್ ಗ್ಲವ್’ ಪ್ರಶಸ್ತಿ 1961ರಿಂದ 1972ರವರೆಗೆ ಸತತ 12 ಬಾರಿ. ಅಂಚಿನ ಆಟಗಾರರಲ್ಲಿ ಅಷ್ಟು ಪಡೆದ ಇನ್ನೊಬ್ಬ ಎಂದರೆ ವಿಲ್ಲಿ ಮೇಸ್. ತಪ್ಪುಗಳೂ ಇರಲಿಲ್ಲವೆಂದಲ್ಲ. ಬೇರೆಯವರು ಸುಮ್ಮನೆ ಹತ್ತಿರದವನಿಗೆ ಚೆಂಡು ಕೊಡುವ ಕಡೆ ಆತ ದೂರದ ಗುರಿಗೇ ಎಸೆಯುತ್ತಿದ್ದ. ಕೆಲವೊಮ್ಮೆ ಅದು ಎತ್ತಲೋ ಹೋಗುತ್ತಿತ್ತು. ಸುರಕ್ಷಿತವಾಗಿ ಆಡಿದ್ದರೆ ತಪ್ಪಿನ ಪಟ್ಟಿ ಚಿಕ್ಕದಾಗುತ್ತಿತ್ತು. ಎದುರಾಳಿಗಳ ಭಯವೂ ಚಿಕ್ಕದಾಗುತ್ತಿತ್ತು.

ವಿನ್ ಸ್ಕಲಿ ಎಂಬ ಪ್ರಸಿದ್ಧ ವೀಕ್ಷಕ ವಿವರಣೆಗಾರರು ತಮಾಷೆಗೆ ಹೇಳುತ್ತಿದ್ದರಂತೆ: ಕ್ಲೆಮೆಂಟೆ ನ್ಯೂಯಾರ್ಕಿನಲ್ಲಿ ಚೆಂಡು ಹಿಡಿದು ಪೆನ್ಸಿಲ್ವೇನಿಯಾದಲ್ಲಿ ಓಡುತ್ತಿರುವವನನ್ನು ಔಟ್ ಮಾಡಬಲ್ಲ ಎಂದು. ಪಿಟ್ಸ್‌ಬರ್ಗಿನ ಸ್ವಂತ ರೇಡಿಯೊ ಧ್ವನಿಯಾಗಿದ್ದ ಬಾಬ್ ಪ್ರಿನ್ಸ್ ಇನ್ನೊಂದು ಕೆಲಸ ಮಾಡಿದರು. ಕ್ಲೆಮೆಂಟೆ ಬ್ಯಾಟು ಹಿಡಿದು ಬಂದಾಗಲೆಲ್ಲ ಮೈಕಿನಲ್ಲಿ ‘ಅರ್ರಿಬಾ!’ ಎಂದು ಕೂಗುತ್ತಿದ್ದರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ಮೇಲಕ್ಕೆ’, ‘ಏಳು ಮೇಲೆ’ ಎಂಬ ಅರ್ಥ. ಪತ್ರಿಕೆಗಳು ಆತನ ಇಂಗ್ಲಿಷನ್ನು ಆಡಿಕೊಂಡ ಊರಿನಲ್ಲೇ ಉಕ್ಕಿನ ಕಾರ್ಖಾನೆಯವರ ಮನೆಯ ಮಕ್ಕಳು ರೇಡಿಯೊ ಕೇಳಿ ಒಂದು ಸ್ಪ್ಯಾನಿಷ್ ಶಬ್ದ ಕಲಿತರು. ರೇಡಿಯೊದವನಾದ ನನಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಈಗ 1971ಕ್ಕೆ ಬರೋಣ. ಆ ಇಸವಿ ನಮಗೂ ಮರೆಯಲಾಗದ್ದು. ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಮೈಸೂರಿನ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ನಾನಾಗಲೇ ಹೆಸರಿಸಿದ ಸೋಳ್ಕರ್ ಅಲನ್ ನಾಟ್ ಕ್ಯಾಚನ್ನು ನೆಲಕ್ಕೆ ಹರಡಿ ಬಿದ್ದು ಹಿಡಿದದ್ದೂ ಅಲ್ಲೇ. ಆಮೇಲೆ ಎರಡು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್ ಮತ್ತೆ ವರ್ಲ್ಡ್ ಸೀರೀಸ್ ತಲುಪಿತು. ಎದುರಾಳಿ ಬಾಲ್ಟಿಮೋರ್ ಓರಿಯೋಲ್ಸ್. ಕ್ಲೆಮೆಂಟೆಗೆ ಆಗ 37 ವರ್ಷ. ದೇಶವೆಲ್ಲ ಟೆಲಿವಿಷನ್ನಿನಲ್ಲಿ ಆತನನ್ನು ಸರಿಯಾಗಿ ನೋಡಿದ್ದು ಆಗಲೇ.

ಅಕ್ಟೋಬರ್ 16, ಆರನೇ ಪಂದ್ಯ, ಬಾಲ್ಟಿಮೋರ್ ಊರು. ಒಂಬತ್ತನೇ ಸರದಿ, ಎರಡೂ ಕಡೆ 2 ರನ್. ಆತಿಥೇಯರಿಗೆ ಒಂದು ರನ್ ಬಂದರೆ ಅಲ್ಲಿಗೇ ಪಂದ್ಯ ಮುಗಿಯಿತು. ಮೊದಲ ಮೂಲೆಯಲ್ಲಿ ಮಾರ್ಕ್ ಬೆಲಾಂಜರ್ ನಿಂತಿದ್ದ. ಡಾನ್ ಬುಫರ್ಡ್ ಚೆಂಡನ್ನು ಬಲಗಡೆಯ ಕಟ್ಟಕಡೆಯ ಮೂಲೆಗೆ ಬಾರಿಸಿದ. ಅಂಥ ಹೊಡೆತಕ್ಕೆ ಮೊದಲ ಮೂಲೆಯವನು ಸಾಮಾನ್ಯವಾಗಿ ಮನೆ ಮುಟ್ಟಿಬಿಡುತ್ತಾನೆ. ಬೆಲಾಂಜರ್ ಎರಡನೆಯದನ್ನು ದಾಟಿದ, ಮೂರನೆಯದನ್ನು ಮುಟ್ಟಿದ. ಅಷ್ಟರಲ್ಲಿ ಕ್ಲೆಮೆಂಟೆ ಮೂಲೆಯಿಂದ ಚೆಂಡೆತ್ತಿ ತಿರುಗಿ ಎಸೆದಾಗಿತ್ತು. ಅದು ಮೈದಾನ ದಾಟಿ, ಒಂದೇ ಒಂದು ಪುಟಿತ ಪುಟಿದು, ಬ್ಯಾಟುಗಾರನ ಹಿಂದೆ ಕೂತಿರುವ ಕ್ಯಾಚರ್ ಮ್ಯಾನಿ ಸಂಗಿಯೆನ್‌ನ ಕೈಗವಸಿಗೆ ಬಂದು ಸೇರಿತು. ಬೆಲಾಂಜರ್ ಮೂರನೇ ಮೂಲೆಯಲ್ಲೇ ಉಳಿದ.

ಏನೂ ನಡೆಯಲಿಲ್ಲ. ಯಾರೂ ಔಟಾಗಲಿಲ್ಲ, ಅಸಿಸ್ಟ್ ಜಮೆಯಾಗಲಿಲ್ಲ. ಸ್ಕೋರು ಪುಸ್ತಕದಲ್ಲಿ ಬುಫರ್ಡನ ಹೊಡೆತ ಇದೆ, ಎಸೆತ ಇಲ್ಲ. ಆದರೆ ಒಂದು ಪಂದ್ಯ ಮುಗಿಯದೆ ನಿಂತಿತು. ಇದನ್ನು ನೋಡಿದ ಮೇಲೆ ಕ್ಲೆಮೆಂಟೆಯನ್ನು ಬರೀ ಅಂಕಿಗಳಲ್ಲಿ ಅಳೆಯಲು ನನಗೆ ಮನಸ್ಸು ಬರುವುದಿಲ್ಲ. ನಿಜ, ಮುಂದಿನ ಸರದಿಯಲ್ಲಿ ಬಾಲ್ಟಿಮೋರ್ 3-2ರಿಂದ ಗೆದ್ದೇಬಿಟ್ಟಿತು. ಹಾಗೆಂದು ಆ ಎಸೆತ ವ್ಯರ್ಥ ಎನ್ನುತ್ತೀರಾ?

ಮರುದಿನ ಏಳನೆಯ, ಕೊನೆಯ ಪಂದ್ಯ. ಕ್ಲೆಮೆಂಟೆಯ ಹೋಮ್ ರನ್ನಿನ ಬಲದಿಂದ ಪಿಟ್ಸ್‌ಬರ್ಗ್ 2-1ರಿಂದ ಗೆದ್ದಿತು. ಈ ಸರಣಿಯ ಏಳೂ ಪಂದ್ಯಗಳಲ್ಲಿ ಆತನ ಹೊಡೆತವಿತ್ತು, ಸರಾಸರಿ .414. ಸರಣಿಯ ಶ್ರೇಷ್ಠ ಆಟಗಾರನೂ ಆತನೇ. ಗೆದ್ದವರ ಕೋಣೆಯಲ್ಲಿ ಕ್ಯಾಮೆರಾ, ಮೈಕು, ಗದ್ದಲ. ಇಡೀ ಅಮೆರಿಕ ನೋಡುತ್ತಿದೆ. ಪ್ರಶ್ನೆ ಕೇಳಿದವರು ಇಂಗ್ಲಿಷ್‌ನವರು. ಕ್ಲೆಮೆಂಟೆ ಮೊದಲು ಸ್ಪ್ಯಾನಿಷ್‌ನಲ್ಲಿ ಕೆಲವು ಮಾತು ಹೇಳಲು ಅನುಮತಿ ಕೇಳಿದ. ಪೋರ್ಟೊ ರಿಕೊದಲ್ಲಿದ್ದ ತಂದೆ ತಾಯಿಗೆ, ಇದು ನನ್ನ ಬದುಕಿನ ದೊಡ್ಡ ದಿನ, ನನಗೆ ಆಶೀರ್ವಾದ ಮಾಡಿ ಎಂದು ಬೇಡಿಕೊಂಡ. ಆಮೇಲೆ ಇಂಗ್ಲಿಷ್‌ನಲ್ಲಿ ಉತ್ತರಿಸಿದ. ಹತ್ತು ವರ್ಷದ ಹಿಂದೆ ಯಾರ ಉಚ್ಚಾರವನ್ನು ಪತ್ರಿಕೆಗಳು ಗೇಲಿ ಮಾಡಿದ್ದವೋ ಆತ ಆ ದಿನ ತನ್ನ ತಾಯ್ನುಡಿಯನ್ನು ಎಲ್ಲರ ಮನೆಗೂ ಕಳಿಸಿದ. ದೂರದ ಊರಿನಲ್ಲಿ ಕೆಲಸ ಮಾಡುತ್ತ ಹಬ್ಬದ ದಿನ ಮನೆಗೆ ಫೋನು ಮಾಡುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

1972ರ ಸೆಪ್ಟೆಂಬರ್ 30ರಂದು ಆತ 3,000ನೇ ಯಶಸ್ವಿ ಹೊಡೆತ ಹೊಡೆದ. ಆವರೆಗೆ ಅಷ್ಟು ಹೊಡೆದವರು ಆತ ಸೇರಿ ಹನ್ನೊಂದೇ ಮಂದಿ. ಲೀಗಿನ ಪಂದ್ಯಗಳಲ್ಲಿ ಅದೇ ಆತನ ಕೊನೆಯ ಹೊಡೆತ ಎಂದು ಯಾರಿಗೆ ಗೊತ್ತಿತ್ತು?

ಆ ವರ್ಷದ ಕೊನೆಗೆ ಕ್ಲೆಮೆಂಟೆ ಪೋರ್ಟೊ ರಿಕೊದ ಹವ್ಯಾಸಿ ತಂಡದ ಮ್ಯಾನೇಜರನಾಗಿ ಮಧ್ಯ ಅಮೆರಿಕದ ನಿಕರಾಗುವಾ ದೇಶಕ್ಕೆ ಹೋಗಿದ್ದ. ರಾಜಧಾನಿ ಮನಾಗುವಾದಲ್ಲಿ ಕಾಲು ಕಳೆದುಕೊಂಡಿದ್ದ ಹುಡುಗನೊಬ್ಬನ ಗೆಳೆತನವಾಯಿತು. ಅವನಿಗೆ ಕೃತಕ ಕಾಲು ಕೊಡಿಸುವ ಏರ್ಪಾಟು ಮಾಡಿದ. ಊರಿಗೆ ಮರಳಿ ಕೆಲವೇ ದಿನ, ಡಿಸೆಂಬರ್ 23ರಂದು ಮನಾಗುವಾ ಭೂಕಂಪಕ್ಕೆ ಕುಸಿಯಿತು. ಸಾವಿರಾರು ಜನ ಸತ್ತರು. ಕ್ಲೆಮೆಂಟೆ ಪೋರ್ಟೊ ರಿಕೊದಲ್ಲಿ ರೇಡಿಯೊ, ಟೆಲಿವಿಷನ್ನುಗಳ ಮೂಲಕ ಜನರನ್ನು ಕೇಳಿದ, ಸ್ವತಃ ನಿಂತು ಬಟ್ಟೆ, ಆಹಾರ, ಔಷಧಿ ಒಟ್ಟುಮಾಡಿದ. ಕ್ರಿಸ್‌ಮಸ್ ಮನೆಯಲ್ಲಿ ಆಗಲಿಲ್ಲ. ಮೊದಲು ಕಳಿಸಿದ ಸಾಮಾನು ಸಂತ್ರಸ್ತರಿಗೆ ತಲುಪುತ್ತಿಲ್ಲ, ಅಲ್ಲಿನ ಸೊಮೋಸಾ ಆಡಳಿತದ ಸೈನಿಕರ ಪಾಲಾಗುತ್ತಿದೆ ಎಂಬ ಸುದ್ದಿ ಬಂತು. ತಾನೇ ಜೊತೆಗೆ ಹೋದರೆ ಯಾರೂ ಕೈಹಾಕಲಾರರು ಎಂದು ಆತ ಭಾವಿಸಿದ.

ಡಿಸೆಂಬರ್ 31ರ ರಾತ್ರಿ. ಬಾಡಿಗೆಗೆ ಸಿಕ್ಕಿದ್ದು ಹಳೆಯ ಡಿಸಿ-7 ವಿಮಾನ. ಅದೇ ತಿಂಗಳು ಒಮ್ಮೆ ಅಪಘಾತಕ್ಕೀಡಾಗಿದ್ದಂಥದ್ದು. ಹೊರಬಹುದಾದ ಮಿತಿಗಿಂತ 4,000 ಪೌಂಡಿಗೂ ಹೆಚ್ಚು ಭಾರ ತುಂಬಿತ್ತು ಎಂದು ಆಮೇಲೆ ತಿಳಿಯಿತು. ಸ್ಯಾನ್ ವಾನ್ ವಿಮಾನ ನಿಲ್ದಾಣದಿಂದ ಏರಿದ ಕೆಲವೇ ನಿಮಿಷಗಳಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದ ಐವರೂ ಸತ್ತರು. ಸಿಕ್ಕಿದ್ದು ಪೈಲಟನ ದೇಹವೊಂದೇ. ಕ್ಲೆಮೆಂಟೆ ಸಿಗಲಿಲ್ಲ. ಆತನಿಗೆ 38 ವರ್ಷ. ಮನೆಯಲ್ಲಿ ಹೆಂಡತಿ ವೆರಾ, ಮೂವರು ಸಣ್ಣ ಗಂಡುಮಕ್ಕಳು. ಆ ಮೂವರೂ ಪೋರ್ಟೊ ರಿಕೊದ ಮಣ್ಣಿನಲ್ಲೇ ಹುಟ್ಟಬೇಕೆಂದು ಆತ ಹಟ ಹಿಡಿದಿದ್ದ. ಹಾಗೇ ಆಗಿತ್ತು.

ಗೌರವಗಳು ತಡಮಾಡಲಿಲ್ಲ. ಬೇಸ್‌ಬಾಲಿನ ‘ಹಾಲ್ ಆಫ್ ಫೇಮ್’ ಸೇರಲು ಆಟ ಬಿಟ್ಟು ಐದು ವರ್ಷ ಕಾಯಬೇಕು. ಆತನಿಗಾಗಿ ಆ ನಿಯಮ ಬದಿಗಿಟ್ಟು 1973ರ ಮಾರ್ಚಿನಲ್ಲಿ ವಿಶೇಷ ಮತದಾನ ನಡೆಸಿದರು. 424 ಮತಗಳಲ್ಲಿ 393 ಆತನಿಗೆ ಬಂತು. ಲ್ಯಾಟಿನ್ ಅಮೆರಿಕದಿಂದ ಅಲ್ಲಿಗೆ ಸೇರಿದ ಮೊದಲ ಆಟಗಾರ ಆತ. ಸಮಾಜಸೇವೆ ಮಾಡಿದ ಆಟಗಾರರಿಗೆ ಪ್ರತಿ ವರ್ಷ ಕೊಡುವ ಪ್ರಶಸ್ತಿಗೆ ಆತನ ಹೆಸರಿಟ್ಟರು. ಪಿಟ್ಸ್‌ಬರ್ಗಿನ ಒಂದು ಸೇತುವೆಗೂ ಆ ಹೆಸರಿದೆ. 2001ರಲ್ಲಿ ಆ ಸೇತುವೆಯ ಬುಡದಲ್ಲೇ ತೆರೆದ ಹೊಸ ಮೈದಾನದಲ್ಲಿ ಬಲಗಡೆಯ ಗೋಡೆಯನ್ನು ಸರಿಯಾಗಿ 21 ಅಡಿ ಎತ್ತರ ಕಟ್ಟಿದ್ದಾರೆ. ಆತನ ಅಂಗಿಯ ಸಂಖ್ಯೆ 21. ತಾಯಿಯ ಮನೆತನದ ಹೆಸರೂ ಸೇರಿದ ರೊಬೆರ್ಟೊ ಕ್ಲೆಮೆಂಟೆ ವಾಕರ್ ಎಂಬ ಪೂರ್ಣ ಹೆಸರಿನ ರೋಮನ್ ಅಕ್ಷರ ಎಣಿಸಿದರೆ ಅಷ್ಟಾಗುತ್ತದೆ. ಬಾಬ್ ಎಂದು ಬರೆದರೆ ಲೆಕ್ಕ ಕೂಡುವುದಿಲ್ಲ ನೋಡಿ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವವನು ಬೇರೆಯೊಬ್ಬ. ಬಾಲ್ಟಿಮೋರಿನ ಆ ಎಸೆತವನ್ನು ಕೈಗವಸಿನಲ್ಲಿ ಹಿಡಿದ ಕ್ಯಾಚರ್ ಸಂಗಿಯೆನ್, ಪನಾಮಾ ದೇಶದವನು, ಕ್ಲೆಮೆಂಟೆಯ ಆಪ್ತ ಗೆಳೆಯ. ಜನವರಿಯಲ್ಲಿ ಶ್ರದ್ಧಾಂಜಲಿಯ ಪ್ರಾರ್ಥನೆಗೆ ಇಡೀ ತಂಡ ವಿಮಾನದಲ್ಲಿ ಪೋರ್ಟೊ ರಿಕೊಗೆ ಬಂದಾಗ ಸಂಗಿಯೆನ್ ಒಬ್ಬ ಚರ್ಚಿನಲ್ಲಿರಲಿಲ್ಲ. ಮುಳುಗುಗಾರರ ಜೊತೆ ಸಮುದ್ರಕ್ಕಿಳಿದು ಗೆಳೆಯನ ದೇಹ ಹುಡುಕುತ್ತಿದ್ದ.

ಏಪ್ರಿಲಿನಲ್ಲಿ 1973ರ ಋತು ಶುರುವಾಯಿತು. ಬಲ ಮೈದಾನಕ್ಕೆ ಯಾರನ್ನು ನಿಲ್ಲಿಸುವುದು? ಪಿಟ್ಸ್‌ಬರ್ಗಿನವರು ಸಂಗಿಯೆನ್‌ನನ್ನು ಕಳಿಸಿದರು. ವರ್ಷಗಟ್ಟಲೆ ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅಭ್ಯಾಸವಾದವನು ಆ ದೂರದ ಮೂಲೆಗೆ ನಡೆದು ಹೋಗಿ ನಿಂತ. ಅವನಿಂದ ಆಗಲಿಲ್ಲ. ಜೂನ್ ಹೊತ್ತಿಗೆ ಅವನನ್ನು ಮತ್ತೆ ಹಳೆಯ ಜಾಗಕ್ಕೆ ಕರೆದುಕೊಂಡರು.